ಎದುರು ಮನೆಯ ಸಬ್ಬತ್

ಮಸ್ಕತ್ತಿನ ಬೌಷರ್‌ನ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಎರಡೇ ಮನೆಗಳು. ಒಂದು ನಮ್ಮದು. ಎದುರಿನದರಲ್ಲಿ ಐವತ್ತೈದು ದಾಟಿದ ಗಂಡ ಹೆಂಡತಿ ಇದ್ದರು. ಅವರು ಠಾಣೆಯ ಕಡೆಯ ಮರಾಠಿಯವರು ಎಂದಷ್ಟೇ ವಾಚ್‌ಮ್ಯಾನ್ ಹೇಳಿದ್ದ. ಅಂಕಲ್ ನೀರಿನ ಪೈಪ್‌ಲೈನ್ ಹಾಕುವ ಕಂಪನಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದರು. ಆಂಟಿ ಮನೆಯಲ್ಲೇ ಇರುತ್ತಿದ್ದರು.

ನಾನು ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಟೆಕ್ನಿಶಿಯನ್. ನನ್ನ ಗಂಡನಿಗೆ ಸೂರ್ ಹತ್ತಿರದ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಗುರುವಾರ ಸಂಜೆ ಮನೆಗೆ ಬಂದರೆ ಭಾನುವಾರ ಬೆಳಿಗ್ಗೆ ಹೊರಟುಬಿಡುತ್ತಾರೆ. ಮಗಳು ಮಣಿಪಾಲದಲ್ಲಿ ಓದಲು ಹೋದ ಮೇಲೆ ವಾರದ ದಿನಗಳಲ್ಲಿ ಮನೆಯಲ್ಲಿ ನಾನೊಬ್ಬಳೇ. ನಾವು ಉಡುಪಿ ಕಡೆಯ ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ. ಇಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ನಮ್ಮ ಭಾನುವಾರವೂ ಶುಕ್ರವಾರವೇ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು, ಮೀನು ಸಾರು ಮಾಡಿ, ಮಧ್ಯಾಹ್ನ ಮಲಗುತ್ತೇವೆ.

ಒಮ್ಮೆ ಲಿಫ್ಟಿನಲ್ಲಿ ನಾನು ಕುಂದಾಪುರದ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಎದುರು ಮನೆಯ ಆಂಟಿ ನಾನು ಫೋನ್ ಇಡುವವರೆಗೆ ಕಾದು, “ನೀವು ಕನ್ನಡದವರೇನ್ರಿ?” ಎಂದರು.

“ಹೌದು. ನಿಮಗೆ ಕನ್ನಡ ಬರ್ತದಾ?”

“ಯಾಕ ಬರಂಗಿಲ್ರಿ. ನಾ ಹುಟ್ಟಿ ಬೆಳದಿದ್ದ ಹುಬ್ಬಳ್ಳ್ಯಾಗ. ನಮ್ಮಪ್ಪ ರೇಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಇದ್ದ. ಲಗ್ನ ಆಗಿ ಠಾಣೆಗೆ ಹೋದೆ. ಈ ಭಾಷಾ ಬಾಯಿತುಂಬ ಆಡಿ ಮೂವತ್ತು ವರ್ಷ ಆತು.”

ಅಂದಿನಿಂದ ನಾನು ಅವರಿಗೆ ತಂಗಿಯಾದೆ. ಅವರ ಮಾತಿನಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ನಾನು ‘ಎಂತ’ ಎಂದಾಗಲೆಲ್ಲ ಅವರು ನಗುತ್ತಿದ್ದರು.

ಆ ವರ್ಷದ ಜೂನ್‌ನಲ್ಲಿ, ಒಂದು ಶುಕ್ರವಾರ ಸಂಜೆ ಕತ್ತಲಾಗುವ ಹೊತ್ತಿಗೆ ಅವರು ಬಾಗಿಲು ಬಡಿದರು. ಕಾಲಿಂಗ್ ಬೆಲ್ ಒತ್ತಿರಲಿಲ್ಲ, ಬೆರಳ ಗೆಣ್ಣಿನಿಂದ ಬಡಿದರು. ಹಣೆಯ ಮೇಲೆ ಬೆವರಿತ್ತು.

“ನಮ್ಮನ್ಯಾಗ ಭಾಳ ಸೆಕಿ ಆಗೈತಿ ತಂಗಿ” ಎಂದು ಸುಮ್ಮನೆ ನಿಂತರು.

“ಏಸಿ ಹಾಳಾಯ್ತಾ ಆಂಟಿ? ವಾಚ್‌ಮ್ಯಾನ್‌ನನ್ನು ಕರೀಬೇಕಾ?”

“ಕರಿ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ. ಸೆಕಿ ಆಗೈತಿ ಅಂತ ಹೇಳಿದೆ ಅಷ್ಟ.”

ನನಗೆ ಅರ್ಥವಾಗಲಿಲ್ಲ. ಆದರೂ ಅವರ ಹಿಂದೆ ಹೋದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಏಸಿಯ ಸ್ವಿಚ್ ಟ್ರಿಪ್ ಆಗಿ ಕೆಳಗೆ ಬಿದ್ದಿತ್ತು. ಅದು ಅವರಿಗೂ ಕಾಣುವ ಹಾಗೇ ಇತ್ತು. ನಾನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಏಸಿ ಶುರುವಾಯಿತು. ಒಳಗೆ ಸೋಫಾದಲ್ಲಿ ಕುಳಿತಿದ್ದ ಅಂಕಲ್ ತಲೆಯ ಮೇಲೆ ಕಸೂತಿಯ ಸಣ್ಣ ಟೋಪಿ ಇತ್ತು. ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಎರಡು ಗಾಜಿನ ಲೋಟಗಳಲ್ಲಿ ನೀರಿನ ಮೇಲೆ ಎಣ್ಣೆ ಹೊಯ್ದು ಬತ್ತಿ ಉರಿಸಿದ್ದರು. ಒಂದು ತಟ್ಟೆಯಲ್ಲಿ ಬಟ್ಟೆ ಮುಚ್ಚಿದ ಚಪಾತಿ, ಬೆಳ್ಳಿಯ ಬಟ್ಟಲಲ್ಲಿ ಕಪ್ಪಗಿನ ಶರಬತ್ತು. ಯಾರದೋ ವರ್ಷದ ತಿಥಿ ಇರಬೇಕೆಂದುಕೊಂಡು ನಾನು ಹಿಂದೆ ಸರಿದೆ.

“ಬಂದಾಕಿ ಹಂಗ ಹೋಗಬ್ಯಾಡ, ಕೂಡು” ಎಂದು ಆಂಟಿ ಕುರ್ಚಿ ಎಳೆದರು.

ಅಂಕಲ್ ಎದ್ದು ನಿಂತು ಬಟ್ಟಲು ಹಿಡಿದು ಏನನ್ನೋ ರಾಗವಾಗಿ ಹೇಳಿದರು. ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟರು. ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ ಅದು. ಚಪಾತಿಯ ತುಂಡನ್ನು ಉಪ್ಪಿಗೆ ಮುಟ್ಟಿಸಿ ನನಗೂ ಕೊಟ್ಟರು. ನಾನು ಏನೂ ಕೇಳದೆ ತಿಂದೆ. ಆಮೇಲೆ ಆಂಟಿಯೇ ಹೇಳಿದರು.

“ನಾವು ಯಹೂದ್ಯರು ತಂಗಿ. ಶುಕ್ರವಾರ ಹೊತ್ತು ಮುಳುಗಿದ್ರ ಶನಿವಾರ ಆಕಾಶದಾಗ ಚಿಕ್ಕಿ ಕಾಣೂತನಕ ನಾವು ಕೆಲಸ ಮಾಡಂಗಿಲ್ಲ, ಬೆಂಕಿ ಹಚ್ಚಂಗಿಲ್ಲ, ಸ್ವಿಚ್ ಒತ್ತಂಗಿಲ್ಲ. ಮತ್ತೊಬ್ಬರಿಗೆ ಮಾಡು ಅಂತನೂ ಹೇಳಂಗಿಲ್ಲ. ನಮ್ಮ ಸಬ್ಬತ್ ಅದು. ಅದಕ್ಕ ಸೆಕಿ ಆಗೈತಿ ಅಂದೆ.”

ಯಹೂದ್ಯರು ಎಂದರೆ ನನಗೆ ಬೈಬಲ್ಲಿನ ಒಳಗಿನ ಜನ, ಬಿಟ್ಟರೆ ಟಿವಿಯ ಸುದ್ದಿಯಲ್ಲಿ ಬರುವವರು. ಅವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದರು, ಮಂಗಳ ಕಾರ್ಯಕ್ಕೆ ಅವಲಕ್ಕಿಗೆ ತೆಂಗಿನಕಾಯಿ ಸಕ್ಕರೆ ಕಲಸಿ ಹಣ್ಣಿಟ್ಟು ಪ್ರಾರ್ಥಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಂಟಿಯ ಪೂರ್ವಿಕರು ಕೊಂಕಣ ತೀರದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದರಂತೆ. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ.

“ನಾವಾಗಿ ಹೇಳಿಕೊಂಡು ತಿರುಗುವುದಿಲ್ಲ” ಎಂದು ಅಂಕಲ್ ಹಿಂದಿಯಲ್ಲಿ ಹೇಳಿದರು. “ಕೇಳಿದರೆ ಸುಳ್ಳೂ ಹೇಳುವುದಿಲ್ಲ.”

ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೆ ಮಾತ್ರ ಹೇಳಿದೆ. ಅವರು, “ಒಳ್ಳೆ ಜನ. ಅವರ ಪಾಡಿಗೆ ಅವರು” ಎಂದರು.

ಆಮೇಲೆ ಶುಕ್ರವಾರ ಸಂಜೆ ನಾನು ಎದುರು ಮನೆಗೆ ಹೋಗುವುದು ರೂಢಿಯಾಯಿತು. ಸೂರ್ಯ ಮುಳುಗುವ ಮೊದಲು ಅಡುಗೆಗೆ ಕೈ ಜೋಡಿಸುತ್ತಿದ್ದೆ. ಮಾಂಸದ ಜೊತೆ ಹಾಲು ಮೊಸರು ಸೇರಿಸುವಂತಿಲ್ಲವಾದ್ದರಿಂದ ಎಲ್ಲದಕ್ಕೂ ತೆಂಗಿನ ಹಾಲು. ನಮ್ಮ ಊರಿನ ಅಡುಗೆಗೂ ಅದಕ್ಕೂ ಹೆಚ್ಚು ದೂರವಿರಲಿಲ್ಲ. ಮೀನಿನಲ್ಲಿ ಹುರುಪೆ ಇರುವವು ಮಾತ್ರ ಆಗುತ್ತಿದ್ದವು. ಸಿಗಡಿ, ಏಡಿ ಇಲ್ಲ. ಅದೊಂದು ನನಗೆ ಕಷ್ಟವೆನಿಸಿತು.

ವಾರ ಬಿಟ್ಟು ವಾರ ಬೇರೆಯವರೂ ಬರುತ್ತಿದ್ದರು. ಸೋಹಾರ್ ಬಂದರಿನಲ್ಲಿ ಕೆಲಸ ಮಾಡುವ ಮುಂಬೈಯ ಅಣ್ಣತಮ್ಮಂದಿರು, ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆನಡಾದ ಮೇಷ್ಟ್ರು, ಇನ್ನೂ ಒಂದಿಬ್ಬರು. ನಾಲ್ಕು, ಐದು, ಹೆಚ್ಚೆಂದರೆ ಆರು ಗಂಡಸರು. ಹಜಾರವೇ ಅವರ ಪ್ರಾರ್ಥನೆಯ ಸಭಾಮಂದಿರ. ಪ್ರಾರ್ಥಿಸುವಾಗ ಅವರು ಮುಖ ಮಾಡುವ ಜೆರುಸಲೇಮಿನ ದಿಕ್ಕು ಇಲ್ಲಿಂದ ವಾಯವ್ಯ. ಆ ಗೋಡೆಯ ಮೇಲೆ ಅಂಕಲ್ ಒಂದು ಚಿಕ್ಕ ಚಿತ್ರ ತೂಗುಹಾಕಿದ್ದರು. ಮೆಕ್ಕಾದ ದಿಕ್ಕಿಗೂ ಅದಕ್ಕೂ ಮಧ್ಯೆ ಆ ಹಜಾರದಲ್ಲಿ ಒಂದು ಕಿಟಕಿಯಷ್ಟು ಅಂತರ. ಪ್ರಾರ್ಥನೆಯ ಪುಸ್ತಕಗಳಲ್ಲಿ ಒಂದು ಪುಟ ಹೀಬ್ರೂ, ಎದುರು ಪುಟ ಮರಾಠಿ. ಅಂಕಲ್ ಹಾಡಿದರೆ ಮಹಾರಾಷ್ಟ್ರದ ಭಜನೆಯ ಧಾಟಿ ಕೇಳಿಸುತ್ತಿತ್ತು. ಮೇಷ್ಟ್ರಿಗೆ ಆ ಧಾಟಿ ಗೊತ್ತಿರಲಿಲ್ಲ. ಅವರು ತಮ್ಮ ಧಾಟಿಯಲ್ಲಿ ಹಾಡುತ್ತಿದ್ದರು, ಮಧ್ಯೆ ಎಲ್ಲೋ ಇಬ್ಬರೂ ಕೂಡಿಕೊಳ್ಳುತ್ತಿದ್ದರು.

ಠಾಣೆಯ ಸಭಾಮಂದಿರವನ್ನು ಆಂಟಿ ‘ನಮ್ಮ ಮಶೀದಿ’ ಎನ್ನುತ್ತಿದ್ದರು. ಅವರ ಹಿರಿಯರು ಹಾಗೇ ಕರೆಯುತ್ತಿದ್ದರಂತೆ. ಹುಬ್ಬಳ್ಳಿಯಲ್ಲಿ ಅವರದು ಮೂರ್ನಾಲ್ಕೇ ಮನೆಗಳು, ಮಶೀದಿ ಇರಲಿಲ್ಲ. ದೊಡ್ಡ ಹಬ್ಬಕ್ಕೆ ಅಪ್ಪ ರೈಲ್ವೆ ಪಾಸಿನಲ್ಲಿ ಎಲ್ಲರನ್ನೂ ಮುಂಬೈಗೆ ಕರೆದೊಯ್ಯುತ್ತಿದ್ದರು.

ಒಂದು ಸಂಗತಿ ನನ್ನನ್ನು ಸ್ವಲ್ಪ ದಿನ ಕಾಡಿತು. ಮರುವರ್ಷದ ಗುಡ್ ಫ್ರೈಡೆಯಂದು ಚರ್ಚಿನಲ್ಲಿ ಯೇಸುವಿನ ಪಾಡುಗಳ ವಾಚನ ನಡೆಯಿತು. ಶಿಲುಬೆಗೆ ಹಾಕಿ ಎಂದು ಜನರ ಗುಂಪು ಕೂಗುವ ಭಾಗವನ್ನು ನಾವೆಲ್ಲ ಸೇರಿ ಹೇಳುತ್ತೇವೆ. ಚಿಕ್ಕಂದಿನಲ್ಲಿ ನಮಗೆ ಕಲಿಸಿದ್ದ ಹಿರಿಯರೊಬ್ಬರು ಆ ಯಹೂದ್ಯರ ಗುಂಪಿನ ಬಗ್ಗೆ ಕೆಟ್ಟ ಮಾತುಗಳನ್ನೇ ಹೇಳಿದ್ದರು. ಆ ದಿನ ನನಗೆ ಅದನ್ನು ಕೂಗಲು ಬಾಯಿ ಬರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಆಂಟಿಗೆ ಹೇಳಿಬಿಟ್ಟೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು.

“ನಿಮ್ಮ ಯೇಸು ಶನಿವಾರ ಎಲ್ಲಿ ಹೋಗ್ತಿದ್ದರು ಹೇಳು.”

“ಸಭಾಮಂದಿರಕ್ಕೆ.”

“ಮತ್ತ? ನಮ್ಮ ಮಂದಿನ ಅವರು” ಎಂದು ತುರಿಯುವುದನ್ನು ಮುಂದುವರಿಸಿದರು. ಒಂದು ಹೋಳು ಮುಗಿದ ಮೇಲೆ, “ನೀ ಹೇಳಿದ್ದು ಛಲೋ ಆತು” ಎಂದರು.

ಒಂದು ಚಳಿಗಾಲದಲ್ಲಿ ಟಿವಿಯ ತುಂಬ ಇಸ್ರೇಲಿನ ಯುದ್ಧದ ಸುದ್ದಿಯೇ ಬರತೊಡಗಿತು. ಕ್ಲಿನಿಕ್ಕಿನಲ್ಲಿ ಬೇರೆ ಮಾತೇ ಇರಲಿಲ್ಲ. ಯಾರೂ ಅಂಕಲ್‌ಗೆ ಏನೂ ಅಂದಿರಲಿಲ್ಲ, ಆದರೂ ಅವರು ಯಾರನ್ನೂ ಮನೆಗೆ ಕರೆಯುವುದನ್ನು ನಿಲ್ಲಿಸಿದರು. ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದಿದ್ದ, ಒಳಗೆ ದೇವವಾಕ್ಯದ ಸುರುಳಿ ಇದ್ದ ಬೆರಳುದ್ದದ ಡಬ್ಬಿಯನ್ನು ತೆಗೆದು ಒಳಗಿನ ಕೋಣೆಯ ಬಾಗಿಲಿಗೆ ಹಾಕಿದರು. ಎರಡು ತಿಂಗಳು ಗಂಡ ಹೆಂಡತಿ ಇಬ್ಬರೇ ಮೆಲುದನಿಯಲ್ಲಿ ಪ್ರಾರ್ಥಿಸಿದರು.

ಕಟ್ಟಡದ ಮಾಲೀಕರು ಕೆಳಗಿನ ಮಹಡಿಯಲ್ಲೇ ಇದ್ದ ಎಪ್ಪತ್ತರ ಒಮಾನಿ. ಹಿಂದಿ ಚೆನ್ನಾಗಿ ಆಡುತ್ತಿದ್ದರು. ಒಂದು ಸಂಜೆ ಖರ್ಜೂರದ ಡಬ್ಬಿ ಹಿಡಿದು ಮೇಲೆ ಬಂದರು. ನಾನು ಆಗ ಆಂಟಿಯ ಮನೆಯಲ್ಲೇ ಇದ್ದೆ.

“ಶುಕ್ರವಾರದ ನೆಂಟರು ಯಾಕೆ ಬರ್ತಿಲ್ಲ?” ಎಂದು ಕೇಳಿದರು.

ಅಂಕಲ್, “ಕಾಲ ಸರಿಯಿಲ್ಲ ಅಂತ” ಎಂದರು.

“ನಿಮ್ಮ ಹೆಸರು ನಮ್ಮ ಪ್ರವಾದಿಗಳೊಬ್ಬರ ಹೆಸರು. ನಿಮ್ಮ ತಂದೆಯದೂ ಹಾಗೇ. ಬಾಡಿಗೆ ಕರಾರು ಬರೆದ ದಿನವೇ ನನಗೆ ಗೊತ್ತಾಗಿತ್ತು.” ಮಾಲೀಕರು ಚಹಾ ಕುಡಿದು ಏಳುವಾಗ ಹೇಳಿದರು, “ನೆಂಟರು ಬರಲಿ. ನನ್ನ ಮಗನ ಪಾರ್ಕಿಂಗ್‌ನಲ್ಲಿ ಮಾತ್ರ ಗಾಡಿ ನಿಲ್ಲಿಸದಿರಲಿ.”

ಮುಂದಿನ ಶುಕ್ರವಾರವೇ ಅಲ್ಲದಿದ್ದರೂ, ತಿಂಗಳೊಳಗೆ ಸೋಹಾರಿನ ಅಣ್ಣತಮ್ಮಂದಿರು ಮತ್ತೆ ಬಂದರು.

ಅದಾದ ಬೇಸಿಗೆಯಲ್ಲಿ ಅಂಕಲ್‌ಗೆ ಎದೆನೋವು ಬಂತು. ಆಫೀಸಿನಿಂದಲೇ ಆಸ್ಪತ್ರೆಗೆ ಒಯ್ದರು, ಬೈಪಾಸ್ ಆಯಿತು. ಮನೆಗೆ ಬಂದು ಎರಡು ವಾರವೂ ಕಳೆದಿರಲಿಲ್ಲ, ಠಾಣೆಯಲ್ಲಿ ಅವರ ತಾಯಿ ತೀರಿಕೊಂಡರು. ಎಂಬತ್ತೆಂಟು ವರ್ಷದ ಮುದುಕಿ, ನಿದ್ದೆಯಲ್ಲೇ ಹೋದರು. ವಿಮಾನ ಹತ್ತುವ ಮಾತೇ ಬೇಡ ಎಂದು ಡಾಕ್ಟರ್ ಹೇಳಿದರು. ಅವರಲ್ಲಿ ಮಣ್ಣು ಮಾಡುವುದನ್ನು ತಡಮಾಡುವುದಿಲ್ಲ. ಮರುದಿನವೇ ಎಲ್ಲ ಮುಗಿಯಿತು. ಅಂಕಲ್ ಫೋನಿನ ವಿಡಿಯೊದಲ್ಲಿ ನೋಡಿದರು.

ಸತ್ತವರಿಗಾಗಿ ಮಗ ಹೇಳಬೇಕಾದ ಪ್ರಾರ್ಥನೆಯೊಂದಿದೆ, ಕದ್ದೀಶ್ ಎನ್ನುತ್ತಾರೆ. ಅದನ್ನು ಒಬ್ಬನೇ ಹೇಳುವಂತಿಲ್ಲ. ಹತ್ತು ಮಂದಿ ಯಹೂದಿ ಗಂಡಸರು ಸೇರಿದರೆ ಮಾತ್ರ ಹೇಳಬಹುದು. ಅಂಕಲ್ ಒಬ್ಬನೇ ಮಗ.

“ಮಶೀದ್ಯಾಗ ಬ್ಯಾರೆಯವರು ಇವರ ಬದಲಿ ಹೇಳಾಕತ್ಯಾರ” ಎಂದರು ಆಂಟಿ. “ಆದ್ರ ಒಮ್ಮೆರ ತಾವ ಹೇಳಬೇಕಂತ ಇವರ ಮನಸಿನ್ಯಾಗ ಐತಿ. ಊಟ ಸೇರವಲ್ದು.”

ಆಂಟಿ ಫೋನ್ ಹಿಡಿದು ಕುಳಿತರು. ಮುಂದಿನ ಶುಕ್ರವಾರಕ್ಕೆ ಎಂದು ಗೊತ್ತು ಮಾಡಿದರು. ಸೋಹಾರಿನ ಇಬ್ಬರು, ಕೆನಡಾದ ಮೇಷ್ಟ್ರು, ಮೇಷ್ಟ್ರಿಗೆ ಗೊತ್ತಿದ್ದ ಇಬ್ಬರು, ಮಸ್ಕತ್ತಿಗೆ ಹದಿನೈದು ದಿನದ ಕೆಲಸಕ್ಕೆ ಬಂದಿದ್ದ ಮೂವರು ಎಂಜಿನಿಯರುಗಳು. ಅಂಕಲ್ ಸೇರಿ ಒಂಬತ್ತು. ಹತ್ತನೆಯವರು ಸಲಾಲಾದ ಕಂಟೇನರ್ ಬಂದರಿನಲ್ಲಿ ಕ್ರೇನ್ ಸೂಪರ್‌ವೈಸರ್, ಅವರೂ ಮುಂಬೈಯವರೇ. ಅಂಕಲ್ ಅವರನ್ನು ಎರಡು ಸಲ ಮಾತ್ರ ನೋಡಿದ್ದರು. ಜುಲೈ ತಿಂಗಳು, ಸಲಾಲಾದಲ್ಲಿ ಜಿಟಿಜಿಟಿ ಮಳೆಯ ಕಾಲ. ಅದನ್ನು ನೋಡಲು ಇಡೀ ಗಲ್ಫ್ ಅಲ್ಲಿಗೆ ಹೋಗುತ್ತದೆ. ವಿಮಾನದಲ್ಲಿ ಒಂದು ಸೀಟೂ ಇರಲಿಲ್ಲ. “ಗಾಡಿಯಲ್ಲಿ ಬರ್ತೇನೆ. ಬೆಳಗಿನ ಜಾವ ಹೊರಟರೆ ಸಂಜೆ ನಾಲ್ಕೈದು ಗಂಟೆಗೆ ತಲುಪ್ತೇನೆ” ಎಂದರಂತೆ.

ಆ ಶುಕ್ರವಾರ ನಾನು ಮಧ್ಯಾಹ್ನದಿಂದಲೇ ಎದುರು ಮನೆಯಲ್ಲಿದ್ದೆ. ತೆಂಗಿನ ಹಾಲಿನ ಮೀನು ಸಾರು, ಅನ್ನ, ಬದನೆಕಾಯಿ ಪಲ್ಯ ಮಾಡಿ ಬಿಸಿ ಆರದ ಹಾಗೆ ಹಾಟ್‌ಪ್ಲೇಟಿನ ಮೇಲಿಟ್ಟೆವು. ಐದು ಗಂಟೆಯಿಂದ ಒಬ್ಬೊಬ್ಬರೇ ಬಂದರು. ಅಂಕಲ್ ಬೆಳ್ಳಗೆ ಇಸ್ತ್ರಿಯಾದ ಅಂಗಿ ತೊಟ್ಟು, ಎದೆಯ ಹೊಲಿಗೆಗೆ ತಾಗದಂತೆ ಒಂದು ದಿಂಬು ಅಪ್ಪಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಆರು ಗಂಟೆಯಾಯಿತು. ಸಲಾಲಾದವರ ಸುಳಿವಿಲ್ಲ, ಅವರ ಫೋನ್ ಸಿಗುತ್ತಿರಲಿಲ್ಲ. ಆ ದಾರಿಯಲ್ಲಿ ನೂರಾರು ಕಿಲೋಮೀಟರ್ ಬರೀ ಮರಳುಗಾಡು.

ಏಳಕ್ಕೆ ಸ್ವಲ್ಪ ಮೊದಲು ಆಂಟಿ ದೀಪ ಹಚ್ಚಿದರು. ಸೂರ್ಯ ಮುಳುಗಿದ. ಫೋನ್‌ಗಳೆಲ್ಲ ಪುಸ್ತಕದ ಕಪಾಟಿನ ಮೇಲೆ ಸಾಲಾಗಿ ಬಿದ್ದುಕೊಂಡವು.

ಅವರು ಜನರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹತ್ತು ಪದಗಳ ಒಂದು ವಾಕ್ಯ ಇದೆಯಂತೆ. ಒಬ್ಬೊಬ್ಬರನ್ನು ನೋಡುತ್ತ ಒಂದೊಂದು ಪದ ಹೇಳುತ್ತಾರೆ. ಅಂಕಲ್ ತುಟಿ ಅಲ್ಲಾಡಿಸಿದರು. ಕೊನೆಯ ಪದ ಉಳಿಯಿತು. “ಇದ್ದಷ್ಟು ಜನರೇ ಶುರು ಮಾಡೋಣ. ಕದ್ದೀಶ್ ಬಿಡೋಣ” ಎಂದರು.

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಯಾರೂ ಕದಲಲಿಲ್ಲ. ನಿಂತಿತು, ಮತ್ತೆ ಶುರುವಾಯಿತು. ಒಂಬತ್ತು ಗಂಡಸರು ಅದನ್ನೇ ನೋಡುತ್ತ ನಿಂತಿದ್ದರು. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ನಾನು ಹೋಗಿ ಎತ್ತಿಕೊಂಡೆ.

ಸಲಾಲಾದವರೇ. ಪೆಟ್ರೋಲ್ ಪಂಪಿನ ಹುಡುಗ ತಾನಾಗಿಯೇ ನಂಬರ್ ಒತ್ತಿ ಫೋನನ್ನು ಅವರ ಕಿವಿಗೆ ಹಿಡಿದಿದ್ದನಂತೆ. ಬೆಟ್ಟ ಹತ್ತುವಲ್ಲಿ ಮಂಜು, ಪ್ರವಾಸಿಗರ ಗಾಡಿಗಳ ಸಾಲು. ಮರಳುಗಾಡಿನ ನಡುವೆ ಟಯರ್ ಒಡೆದು ಮೂರು ಗಂಟೆ ಹೋಯಿತು. “ಈಗ ಫಂಜಾದ ಪೆಟ್ರೋಲ್ ಪಂಪಿನಲ್ಲಿದ್ದೇನೆ. ಇಲ್ಲಿ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಅಂಕಲ್‌ಗೆ ಕೇಳಿ, ಓಡಿಸಿಕೊಂಡು ಬರಲೋ ಬೇಡವೋ.”

ನಾನು ಅದನ್ನು ಹಾಗೇ ಹೇಳಿದೆ. ಫಂಜಾ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಅಂಕಲ್ ದಿಂಬನ್ನು ಎದೆಗೆ ಒತ್ತಿ ಹಿಡಿದರು.

“ನನ್ನ ತಾಯಿಗಾಗಿ ನಿನ್ನ ಸಬ್ಬತ್ ಮುರಿ ಅಂತ ನಾನು ಹೇಳಲಾರೆ” ಎಂದರು. “ಅವರಿಗೆ ನನ್ನ ಸಲಾಂ ಹೇಳಿ.”

ನಾನು ಫೋನಿನಲ್ಲಿ, “ನೀವು ಅಲ್ಲೇ ಇರಿ, ಎಲ್ಲಿಗೂ ಹೋಗ್ಬೇಡಿ” ಎಂದಷ್ಟೇ ಹೇಳಿ ನಮ್ಮ ಮನೆಗೆ ಬಂದೆ. ಗಂಡ ಲುಂಗಿ ಉಟ್ಟು ಕ್ರಿಕೆಟ್ ನೋಡುತ್ತಿದ್ದರು.

“ಫಂಜಾದವರೆಗೆ ಹೋಗಿ ಬರುವನಾ?”

“ಈಗ ಎಂತಕ್ಕೆ?”

“ಒಬ್ಬರನ್ನು ಕರ್ಕೊಂಡು ಬರ್ಲಿಕ್ಕೆ ಉಂಟು. ಎದುರು ಮನೆಗೆ.”

ಅವರು ಟಿವಿ ಆರಿಸಿ ಪ್ಯಾಂಟ್ ಹಾಕಿಕೊಂಡರು. ಉಳಿದದ್ದನ್ನು ದಾರಿಯಲ್ಲಿ ಹೇಳಿದೆ. “ಅವರು ನಮ್ಮ ಗಾಡಿ ಹತ್ತಿದರೂ ತಪ್ಪಲ್ವಾ?” ಎಂದು ಕೇಳಿದರು. ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ. “ಹೋಗಿ ನೋಡುವ” ಎಂದೆ.

ಪೆಟ್ರೋಲ್ ಪಂಪಿನ ಹಿಂದೆ, ಗಾಡಿಯ ಪಕ್ಕದ ಕಟ್ಟೆಯ ಮೇಲೆ ನಲವತ್ತರ ಒಬ್ಬರು ಕೂತಿದ್ದರು. ಅಂಗಿಯ ತೋಳಿನ ಮೇಲೆ ಟಯರಿನ ಕಪ್ಪು ಅಂಟಿತ್ತು. ನಾವು ಯಾರೆಂದು ಹೇಳಿದ ಮೇಲೆ ಎದ್ದು ನಿಂತರು, ಆದರೆ ಹತ್ತಲಿಲ್ಲ.

“ನಾನು ನಿಮ್ಮನ್ನು ಕರೆದಿಲ್ಲ” ಎಂದರು.

“ಇಲ್ಲ. ಅಂಕಲ್ ಕೂಡ ಕಳಿಸಿದ್ದಲ್ಲ. ನಾವೇ ಬಂದದ್ದು.”

ನನ್ನ ಗಂಡ ಇಂಜಿನ್ ಆರಿಸಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, “ನಾವು ಹೇಗೂ ಬೌಷರ್‌ಗೆ ವಾಪಸ್ ಹೋಗುವವರು. ಹಿಂದಿನ ಸೀಟು ಖಾಲಿ ಉಂಟು” ಎಂದರು ಹಿಂದಿಯಲ್ಲಿ. ಇಳಿದು ಹೋಗಿ ಹಿಂದಿನ ಬಾಗಿಲನ್ನು ತಾವೇ ತೆರೆದು ಹಿಡಿದರು. ಸಲಾಲಾದವರು ಹತ್ತಿ ಕೂತರು. ಕಟ್ಟಡದಲ್ಲಿ ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಹತ್ತಿದರು. ನಾವೂ ಅವರ ಜೊತೆಗೇ ಹತ್ತಿದೆವು.

ಎಂಟೂಮುಕ್ಕಾಲು ಆಗಿತ್ತು. ಎಲ್ಲರೂ ಊಟಕ್ಕೆ ಕೂರದೆ ಕಾದಿದ್ದರು. ಬಾಗಿಲಲ್ಲಿ ಅವರನ್ನು ನೋಡಿ ಮೇಷ್ಟ್ರು ಇಂಗ್ಲಿಷಿನಲ್ಲಿ, “ಹೇಗೆ ಬಂದಿರಿ?” ಎಂದರು. ಅಂಕಲ್ ಎದ್ದು, ದಿಂಬನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈಗಳಲ್ಲಿ ಅವರ ಕೈ ಹಿಡಿದರು. ಆಮೇಲೆ ಇಬ್ಬರೂ ತಂತಮ್ಮ ಬೆರಳುಗಳನ್ನು ತುಟಿಗೆ ಮುಟ್ಟಿಸಿಕೊಂಡರು. ಅವರ ಜನ ಹೀಗೇ ನಮಸ್ಕರಿಸುವುದು. ಮೇಷ್ಟ್ರು ಮತ್ತೆ ಕೇಳಲಿಲ್ಲ. ಪುಸ್ತಕ ತೆರೆದು ಪುಟ ಹುಡುಕಿ ಕೊಟ್ಟವರು ಅವರೇ.

ಅಂಕಲ್ ಮತ್ತೆ ತುಟಿ ಅಲ್ಲಾಡಿಸಿದರು. ಈ ಸಲ ಪದಗಳೆಲ್ಲ ಮುಗಿದವು.

ನನ್ನ ಗಂಡ ಬಾಗಿಲ ಹೊರಗೆ ನಿಂತಿದ್ದರು. ಸೋಹಾರಿನ ತಮ್ಮ ಒಂದು ಟೋಪಿ ತಂದು ಕೊಟ್ಟಾಗ ಹಾಕಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ನಿಂತರು. ನಾನು ಆಂಟಿಯ ಜೊತೆ ಅಡುಗೆಮನೆಯ ಬಾಗಿಲಲ್ಲಿದ್ದೆ. ಅಂಕಲ್ ಕದ್ದೀಶ್ ಹೇಳತೊಡಗಿದರು. ಅವರು ನಿಲ್ಲಿಸಿದಲ್ಲಿ ಒಂಬತ್ತು ಮಂದಿ ಆಮೆನ್ ಎನ್ನುತ್ತಿದ್ದರು. ಅಷ್ಟರಲ್ಲಿ ನನಗೆ ಅರ್ಥವಾದ ಪದ ಅದೊಂದೇ. ಎರಡನೆಯ ಸಲ ನನ್ನ ಗಂಡನೂ ಹೇಳಿದರು, ಅಭ್ಯಾಸಬಲದಿಂದ ಬಂದಿರಬೇಕು.

“ಸತ್ತವರ ಬಗ್ಗೆ ಎಂತ ಹೇಳ್ತಾರೆ ಅದರಲ್ಲಿ?” ಎಂದು ನಾನು ಪಿಸುಗುಟ್ಟಿದೆ.

“ಏನೂ ಇಲ್ಲ. ದೇವರ ಹೆಸರು ದೊಡ್ಡದು ಅಂತ ಹೇಳೂದು, ಅಷ್ಟ” ಎಂದರು ಆಂಟಿ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಂಕಲ್ ಅಳಲಿಲ್ಲ. ಮುಗಿದ ಮೇಲೆ ಎರಡು ಲೋಟ ನೀರು ಕುಡಿದರು, ಮೀನು ಸಾರಿನಲ್ಲಿ ಅನ್ನ ಕಲಸಿ ಎರಡು ಸಲ ಬಡಿಸಿಕೊಂಡು ತಿಂದರು. ಆಂಟಿ ನನ್ನ ತೋಳು ಹಿಡಿದು ತೋರಿಸಿದರು.

ಸಲಾಲಾದವರು ಶನಿವಾರ ಪೂರ್ತಿ ಅಲ್ಲೇ ಉಳಿದರು. ಸಂಜೆ ನಕ್ಷತ್ರ ಕಂಡ ಮೇಲೆ ನನ್ನ ಗಂಡ ಅವರನ್ನು ಫಂಜಾಕ್ಕೆ ಬಿಟ್ಟು ಬಂದರು. “ಎಂತ ಮಾತಾಡಿದ್ರಿ?” ಎಂದು ಕೇಳಿದೆ. “ಕ್ರೇನಿನ ವಿಷಯ” ಎಂದರು.

ಮರುವರ್ಷ ತಾಯಿಯ ವರ್ಷದ ಪ್ರಾರ್ಥನೆಗೆ ಅಂಕಲ್ ಆಂಟಿ ಠಾಣೆಗೆ ಹೊರಟರು. ನನಗೂ ಅದೇ ವಾರ ರಜೆ. ಹೇಗೂ ಮುಂಬೈ ಮೂಲಕ ಮಂಗಳೂರಿಗೆ ಹೋಗುವವಳು, ಎರಡು ದಿನ ನಮ್ಮಲ್ಲಿ ಇದ್ದು ಹೋಗು ಎಂದು ಆಂಟಿ ಪಟ್ಟು ಹಿಡಿದರು. ಹಾಗೆ ಒಂದು ಶನಿವಾರ ಬೆಳಿಗ್ಗೆ ನಾನು ‘ನಮ್ಮ ಮಶೀದಿ’ಯನ್ನು ನೋಡಿದೆ.

ರಸ್ತೆಯ ಗದ್ದಲದಿಂದ ಗೇಟು ದಾಟಿದರೆ ಹಳೆಯ ಎತ್ತರದ ಕಟ್ಟಡ. ಹೆಂಗಸರು ಮೇಲಿನ ಅಂಕಣದಲ್ಲಿ ಕೂರುತ್ತಾರೆ. ಸೀರೆ ಉಟ್ಟ, ತಲೆಗೆ ಸೆರಗು ಹೊದ್ದ ಹತ್ತು ಹದಿನೈದು ಮಂದಿ. ಕುರ್ಚಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಬಹಳ ಮನೆಗಳವರು ಇಸ್ರೇಲಿಗೆ ಹೋಗಿಬಿಟ್ಟಿದ್ದಾರೆ ಎಂದು ಆಂಟಿ ಒಂದೊಂದೇ ಖಾಲಿ ಕುರ್ಚಿ ತೋರಿಸಿ ಹೇಳಿದರು. ಕೆಳಗೆ ಗಂಡಸರು ನಡುವಿನ ಕಟ್ಟೆಯ ಸುತ್ತ ಕೂತಿದ್ದರು. ಬಿಳಿ ಶಾಲುಗಳು, ಗಾಜಿನ ದೀಪಗಳು. ಪರದೆ ಸರಿಸಿ ಧರ್ಮಶಾಸ್ತ್ರದ ಸುರುಳಿಯನ್ನು ಹೊರತಂದಾಗ ಅದರ ತಲೆಗಿದ್ದ ಬೆಳ್ಳಿಯ ಗೆಜ್ಜೆಗಳು ಸದ್ದು ಮಾಡಿದವು. ಕೆಳಗಿನವರು ಮುಟ್ಟಿ ಬೆರಳಿಗೆ ಮುತ್ತಿಟ್ಟರು. ಮೇಲಿನವರು ದೂರದಿಂದಲೇ ಕೈ ಚಾಚಿ ಮುತ್ತಿಟ್ಟರು. ಅಂಕಲ್ ಕದ್ದೀಶ್ ಹೇಳುವಾಗ ಇಲ್ಲಿ ಯಾರೂ ಎಣಿಸಬೇಕಾಗಿರಲಿಲ್ಲ; ನಲವತ್ತು ಗಂಟಲುಗಳಾದರೂ ಆಮೆನ್ ಎಂದಿರಬೇಕು.

ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಗೆ ನನ್ನ ಗುರುತು ಹತ್ತಲಿಲ್ಲ. ಯಾರ ಮನೆಯ ಸೊಸೆ ಎಂದು ಮರಾಠಿಯಲ್ಲಿ ಕೇಳಿದರು. ನಾನು ಕೊಂಕಣಿಯಲ್ಲಿ, ಮಸ್ಕತ್ತಿನ ಎದುರು ಮನೆಯವಳು ಎಂದೆ.

“ಓ, ಫಂಜಾಕ್ಕೆ ಹೋದವಳು ಇವಳೇ” ಎಂದು ಅವರು ಹಿಂದಿನ ಸಾಲಿಗೆ ತಿರುಗಿ ಹೇಳಿದರು. ಠಾಣೆಯ ಮುದುಕಿಯ ಬಾಯಲ್ಲಿ ಫಂಜಾ ಎಂಬ ಹೆಸರು ಕೇಳಿ ನನಗೆ ಆಶ್ಚರ್ಯವಾಯಿತು. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ದ್ರಾಕ್ಷಿ ರಸ, ಬೇಯಿಸಿದ ಮೊಟ್ಟೆ, ಪೂರಿ ಕೊಟ್ಟರು. ಏಳೆಂಟು ಹೆಂಗಸರು ಬಂದು ನನ್ನ ಕೈ ಹಿಡಿದು ತಮ್ಮ ಬೆರಳಿಗೆ ಮುತ್ತಿಟ್ಟರು. ನಾನೂ ಹಾಗೇ ಮಾಡಿದೆ. ಏನೋ ದೊಡ್ಡದು ಮಾಡಿದೆನೆಂಬಂತೆ ಅವರು ನೋಡುತ್ತಿದ್ದುದರಿಂದ ಮುಜುಗರವಾಯಿತು. ಗಾಡಿ ಓಡಿಸಿದ್ದು ನನ್ನ ಗಂಡ ಎಂದು ಎಲ್ಲರಿಗೂ ಹೇಳುತ್ತ ಹೋದೆ.

ಅಂಕಲ್ ಆಂಟಿ ಮಸ್ಕತ್ತಿಗೆ ಮರಳಿದರೂ ಹೆಚ್ಚು ದಿನ ಉಳಿಯಲಿಲ್ಲ. ಅಂಕಲ್ ಆರೋಗ್ಯದ ಕಾರಣಕ್ಕೆ ಕೆಲಸ ಬಿಟ್ಟರು. ಮನೆ ಖಾಲಿ ಮಾಡುವ ವಾರ ಪ್ರಾರ್ಥನೆಯ ಪುಸ್ತಕಗಳನ್ನೆಲ್ಲ ಸೋಹಾರಿನ ಅಣ್ಣತಮ್ಮಂದಿರು ಒಯ್ದರು. ಶುಕ್ರವಾರದ ಕೂಟ ಈಗ ಅ‍ವರಲ್ಲಿ ನಡೆಯುತ್ತದೆ ಎಂದು ಕೇಳಿದ್ದೇನೆ. ಹೊರಡುವ ದಿನ ಮಾಲೀಕರು ಕೆಳಗೆ ನಿಂತು ಸಾಮಾನು ಗಾಡಿಗೆ ಹಾಕಿಸಿದರು. ಆಂಟಿ ನನಗೆ ತಮ್ಮ ತೆಂಗಿನಕಾಯಿ ತುರಿಮಣೆ ಕೊಟ್ಟರು. ಹುಬ್ಬಳ್ಳಿಯದಂತೆ, ಅವರ ಅಮ್ಮನದು. “ಅಲ್ಲಿ ನನಗ ಮಿಕ್ಸರ್ ಸಾಕು” ಎಂದರು. ತಿಂಗಳಿಗೆ ಒಂದೆರಡು ಸಲ ಫೋನ್ ಮಾಡುತ್ತಾರೆ, ಭಾನುವಾರದಿಂದ ಗುರುವಾರದೊಳಗೆ. ಈಗ ಎದುರು ಮನೆಯಲ್ಲಿ ಹೈದರಾಬಾದಿನ ಚಿಕ್ಕ ಕುಟುಂಬವಿದೆ. ಅವರ ಪರಿಚಯ ಇನ್ನೂ ಅಷ್ಟಾಗಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ನಾವಿಬ್ಬರೂ ಸಲಾಲಾಕ್ಕೆ ಹೋದೆವು. ಕ್ರೇನ್ ಸೂಪರ್‌ವೈಸರ್ ಎಷ್ಟು ಸಲ ಕರೆದರೂ ಆಗಿರಲಿಲ್ಲ. ಶುಕ್ರವಾರ ಸಂಜೆ ಅವರ ಹೆಂಡತಿ ದೀಪ ಹಚ್ಚಿದರು, ಅವರು ದ್ರಾಕ್ಷಿ ರಸದ ಬಟ್ಟಲು ಹಿಡಿದರು. ಶನಿವಾರ ಅವರು ಗಾಡಿ ಮುಟ್ಟುವುದಿಲ್ಲವಾದ್ದರಿಂದ ಬೆಳಿಗ್ಗೆ ನಾಲ್ವರೂ ನಡೆದೇ ತೆಂಗಿನ ತೋಟಗಳ ಕಡೆ ಹೋದೆವು. ತುಂತುರು ಬೀಳುತ್ತಿತ್ತು, ಯಾರೂ ಕೊಡೆ ತಂದಿರಲಿಲ್ಲ. ಗಂಡಸರಿಬ್ಬರೂ ಮುಂದೆ ಮಾತಾಡುತ್ತ ಹೋಗುತ್ತಿದ್ದರು. ಅವರ ಹೆಂಡತಿ ನನಗೆ ಮಲಬಾರ್ ಬಾಳೆಹಣ್ಣಿನ ರುಚಿಯೇ ಇಲ್ಲಿನ ಹಣ್ಣಿಗೂ ಇದೆ ಎಂದು ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು, ಬಂದ ದಾರಿಯಲ್ಲೇ ಹಿಂದಿರುಗಿದೆವು.